ಮೊದಲ ಹಾವು ಮನೆಗೆ ಬರುವ ಮುನ್ನ

ಸಾಕುಹಾವಿನ ಬಗ್ಗೆ ಬರುವ ಪತ್ರಗಳಲ್ಲಿ ಬಹುಪಾಲು ದೂರುಗಳು ಒಂದೇ ತೆರನವು: ಏನೂ ತಿನ್ನುತ್ತಿಲ್ಲ, ಪೊರೆ ಚೂರುಚೂರಾಗಿ ಬರುತ್ತಿದೆ, ಮೂಗಿನಲ್ಲಿ ಗುಳ್ಳೆ ಕಾಣುತ್ತಿದೆ. ಇವುಗಳ ಬೇರು ಹುಡುಕುತ್ತಾ ಹೋದರೆ ಹೆಚ್ಚಾಗಿ ಸಿಗುವುದು ಹಾವು ಬರುವುದಕ್ಕೆ ಮೊದಲಿನ ವಾರಗಳಲ್ಲಿ. ಹಾಗಾಗಿ ಈ ಸಲ, ಇನ್ನೂ ಹಾವು ತಂದಿರದವರ ಪ್ರಶ್ನೆಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಮಗನಿಗೆ 13 ವರ್ಷ. ಒಂದು ವರ್ಷದಿಂದ ಹಾವು ಸಾಕಬೇಕೆಂದು ಹಟ ಹಿಡಿದಿದ್ದಾನೆ. ಮೊದಲ ಸಲಕ್ಕೆ ಯಾವ ಜಾತಿ ಒಳ್ಳೆಯದು?

ಉತ್ತರ: ಜಾತಿಯ ಮಾತಿಗೆ ಮುಂಚೆ ಎರಡು ವಿಷಯ ಇತ್ಯರ್ಥವಾಗಬೇಕು. ಮೊದಲನೆಯದು ಕಾನೂನು. ಸ್ಥಳೀಯ ಕಾಡುಹಾವನ್ನು ಹಿಡಿದು ಸಾಕುವುದು ಅನೇಕ ದೇಶಗಳಲ್ಲಿ ಅಪರಾಧ. ಹೊರಗಿನ ಜಾತಿಗಳಿಗೂ ಪರವಾನಗಿ, ನೋಂದಣಿ, ಖರೀದಿಯ ಕಾಗದಪತ್ರ ಬೇಕಾಗುವುದುಂಟು. ಬಾಲ್ ಪೈಥಾನ್ ಸೇರಿದಂತೆ ಹೆಬ್ಬಾವುಗಳ ವಂಶ ಪೂರ್ತಿಯಾಗಿ ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ನಿಮ್ಮಲ್ಲಿ ಏನು ನಿಯಮವಿದೆಯೋ ಅದನ್ನು ಅರಣ್ಯ ಅಥವಾ ವನ್ಯಜೀವಿ ಇಲಾಖೆಯಿಂದಲೇ ತಿಳಿದುಕೊಳ್ಳಿ, ಮಾರುವವರ ಮಾತಿನಿಂದ ಬೇಡ. ಕಾಗದಪತ್ರ ಸಿಗದಿದ್ದರೆ ವಿಷಯ ಅಲ್ಲಿಗೇ ಬಿಡಿ.

ಎರಡನೆಯದು ಆಯುಸ್ಸು. ಕಾರ್ನ್ ಸ್ನೇಕ್ 15ರಿಂದ 20 ವರ್ಷ ಬದುಕುತ್ತದೆ, ಬಾಲ್ ಪೈಥಾನ್ 30 ದಾಟಬಲ್ಲದು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 2020ರಲ್ಲಿ ಮೊಟ್ಟೆಯಿಟ್ಟ ಒಂದು ಬಾಲ್ ಪೈಥಾನ್‌ಗೆ ಆಗ ಕನಿಷ್ಠ 62 ವರ್ಷವೆಂದು ಅಲ್ಲಿಯವರ ಲೆಕ್ಕ. ಮಗ ಓದಿಗೋ ಕೆಲಸಕ್ಕೋ ಮನೆ ಬಿಟ್ಟು ಹೋದಾಗ ಹಾವು ನಿಮ್ಮ ಪಾಲಿಗೆ ಉಳಿಯುತ್ತದೆ. ಅದು ನಿಮಗೆ ಒಪ್ಪಿಗೆಯಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಇವೆರಡೂ ಸರಿಹೋದ ಮೇಲೆ ನಮ್ಮ ಮೊದಲ ಆಯ್ಕೆ ಕಾರ್ನ್ ಸ್ನೇಕ್. ವಿಷವಿಲ್ಲ, ಬೆಳೆದರೆ 90ರಿಂದ 150 ಸೆಂ.ಮೀ. ಉದ್ದ, ತೆಳ್ಳಗೆ ಇರುತ್ತದೆ, ಊಟಕ್ಕೆ ತಕರಾರು ಕಡಿಮೆ, ತೇವಾಂಶ ಸ್ವಲ್ಪ ಹೆಚ್ಚುಕಡಿಮೆಯಾದರೂ ತಾಳಿಕೊಳ್ಳುತ್ತದೆ. ಬಾಲ್ ಪೈಥಾನ್ ಸೌಮ್ಯ, ನಿಧಾನ; ಹೆದರಿದರೆ ತಲೆಯನ್ನು ಒಳಗಿಟ್ಟು ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಆದರೆ ತೇವಾಂಶ ಹೆಚ್ಚು ಬೇಕು, ಜೊತೆಗೆ ತಿಂಗಳುಗಟ್ಟಲೆ ಉಪವಾಸ ಕೂರುವ ಸ್ವಭಾವ. ಮೊದಲ ಸಲ ಸಾಕುವವರ ಧೈರ್ಯವನ್ನು ಆ ಉಪವಾಸ ಕೆಡಿಸುತ್ತದೆ. ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕ್ ಗಟ್ಟಿ ಪ್ರಾಣಿ, ಹೊಟ್ಟೆಬಾಕ. ಆಹಾರದ ವಾಸನೆ ಬಂದರೆ ಬೆರಳನ್ನೂ ಒಂದು ಕೈ ನೋಡುತ್ತದೆ. ಬರ್ಮೀಸ್, ರೆಟಿಕ್ಯುಲೇಟೆಡ್ ಹೆಬ್ಬಾವಿನ ಮರಿ ಅಂಗಡಿಯಲ್ಲಿ ಎಷ್ಟೇ ಮುದ್ದಾಗಿ ಕಂಡರೂ ಮೊದಲ ಹಾವಾಗಿ ಬೇಡವೇ ಬೇಡ. ಕೆಲವೇ ವರ್ಷಗಳಲ್ಲಿ ಒಬ್ಬರಿಂದ ಎತ್ತಲಾಗದಷ್ಟು ಬೆಳೆಯುತ್ತವೆ.

ಪ್ರಶ್ನೆ: ಬರುವ ಶನಿವಾರ ಕಾರ್ನ್ ಸ್ನೇಕ್ ಮರಿ ತರುತ್ತಿದ್ದೇವೆ. ಟ್ಯಾಂಕ್, ಹೀಟ್ ಮ್ಯಾಟ್ ಎಲ್ಲವನ್ನೂ ಅದೇ ದಿನ ಅದೇ ಅಂಗಡಿಯಲ್ಲಿ ಕೊಂಡರೆ ಆಗದೇ?

ಉತ್ತರ: ಆಗದು. ಶನಿವಾರ ಟ್ಯಾಂಕ್ ಮತ್ತು ಅದರ ಸಾಮಾನು ಮಾತ್ರ ತನ್ನಿ. ಹಾವು ಎರಡು ವಾರ ಅಲ್ಲೇ ಇರಲಿ. ಮುಂಗಡ ಕೊಟ್ಟರೆ ಹೆಚ್ಚಿನವರು ಕಾಯ್ದಿರಿಸುತ್ತಾರೆ.

ಕಾರಣ ಇಷ್ಟೇ. ಹಾವು ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ತಿಂದದ್ದು ಅರಗುವುದು, ಸೋಂಕನ್ನು ಎದುರಿಸುವುದು, ಮೈ ಚುರುಕಾಗುವುದು ಎಲ್ಲವೂ ಸುತ್ತಲಿನ ಬಿಸಿಯ ಮೇಲೆ ನಿಂತಿವೆ. ಟ್ಯಾಂಕಿನಲ್ಲಿ ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು ಇದ್ದರೆ ಅದು ಅತ್ತಿಂದಿತ್ತ ಹರಿದಾಡಿ ಮೈಯನ್ನು ಹದಕ್ಕೆ ತಂದುಕೊಳ್ಳುತ್ತದೆ. ಆ ಎರಡು ತುದಿಗಳನ್ನು ಸರಿಯಾಗಿ ಹೊಂದಿಸಲು ನಾಲ್ಕೈದು ದಿನವಾದರೂ ಹಿಡಿಯುತ್ತದೆ. ಟ್ಯಾಂಕಿನ ಕೆಳಗೆ ಹಾಸಿ ಬಿಸಿ ಕೊಡುವ ಹೀಟ್ ಮ್ಯಾಟ್ ಸಾಲದೆ ಹೋಗಬಹುದು, ರಾತ್ರಿ ಕೋಣೆ ತಣ್ಣಗಾದಾಗ ಲೆಕ್ಕವೆಲ್ಲ ತಲೆಕೆಳಗಾಗಬಹುದು, ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟೇ ಕೆಟ್ಟಿರಬಹುದು. ಇವನ್ನೆಲ್ಲ ಖಾಲಿ ಟ್ಯಾಂಕಿನಲ್ಲಿ ಕಂಡುಹಿಡಿದರೆ ಯಾರಿಗೂ ನೋವಿಲ್ಲ.

ನೆಲಹಾಸು, ಅಡಗುತಾಣ, ನೀರಿನ ಬಟ್ಟಲು ಎಲ್ಲವನ್ನೂ ಹಾವು ಇದ್ದಾಗ ಹೇಗಿರುತ್ತವೋ ಹಾಗೇ ಇಟ್ಟು ಒಂದು ವಾರ ಸತತವಾಗಿ ನಡೆಸಿ. ಬೆಳಿಗ್ಗೆ ಏಳುತ್ತಲೇ, ಮಧ್ಯಾಹ್ನ, ರಾತ್ರಿ ಮಲಗುವ ಮುನ್ನ, ಹೀಗೆ ದಿನಕ್ಕೆ ಮೂರು ಸಲ ಎರಡೂ ತುದಿಯ ತಾಪಮಾನ ಮತ್ತು ತೇವಾಂಶವನ್ನು ಬರೆದಿಡಿ. ಕಾರ್ನ್ ಸ್ನೇಕ್‌ಗೆ ಬಿಸಿ ತುದಿಯ ನೆಲ 29ರಿಂದ 31 ಡಿಗ್ರಿ ಸೆಲ್ಸಿಯಸ್, ತಂಪು ತುದಿ 22ರಿಂದ 25, ತೇವಾಂಶ ಶೇಕಡಾ 40ರಿಂದ 60. ಬಾಲ್ ಪೈಥಾನ್‌ಗೆ ಬಿಸಿ ತುದಿ 31ರಿಂದ 33, ತಂಪು ತುದಿ 25ರಿಂದ 27, ತೇವಾಂಶ ಶೇಕಡಾ 60ರಿಂದ 70. ಸತತ ಮೂರು ದಿನ ಈ ಅಂಕಿಗಳು ಮಿತಿ ದಾಟದೆ ನಿಂತವೆಂದರೆ ಹಾವು ತರಬಹುದು.

ಅಂದಹಾಗೆ, ಬೇಸಿಗೆಯಲ್ಲಿ ತಂಪು ತುದಿಯೇ 30 ಮುಟ್ಟುವ ಕೋಣೆಯಾದರೆ ನಿಮ್ಮ ಸಮಸ್ಯೆ ಬಿಸಿ ಮಾಡುವುದಲ್ಲ, ತಂಪು ಉಳಿಸುವುದು. ಅಂಥಲ್ಲಿ ಟ್ಯಾಂಕನ್ನು ಮನೆಯ ಅತ್ಯಂತ ತಂಪಾದ ಕೋಣೆಯ ಒಳಗೋಡೆಗೆ, ನೆಲಕ್ಕೆ ಹತ್ತಿರವಾಗಿ ಇಡಿ. ಕಿಟಕಿಯ ಬಿಸಿಲು ಗಾಜಿನ ಟ್ಯಾಂಕಿಗೆ ನೇರವಾಗಿ ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ಹಾವು ಸಾಯುವಷ್ಟು ಒಳಗೆ ಕಾಯುತ್ತದೆ.

ಪ್ರಶ್ನೆ: ಹೀಟ್ ಮ್ಯಾಟ್ ಹಾಕಿದ್ದೇನೆ. ಗಾಜಿಗೆ ಅಂಟಿಸಿದ ಥರ್ಮಾಮೀಟರ್ 28 ತೋರಿಸುತ್ತದೆ. ಥರ್ಮೋಸ್ಟಾಟ್ ಇಲ್ಲದೆಯೂ ಎಲ್ಲ ಸರಿಯಿದೆಯಲ್ಲ, ಅದಕ್ಕೆ ಬೇರೆ ದುಡ್ಡು ಏಕೆ?

ಉತ್ತರ: ನೀವು ನೋಡುತ್ತಿರುವ 28, ಗಾಜಿನ ಗೋಡೆಯದು. ಹಾವಿನ ಹೊಟ್ಟೆ ತಾಗುವುದು ನೆಲಕ್ಕೆ. ಈಗಲೇ ನೆಲಹಾಸನ್ನು ಬದಿಗೆ ಸರಿಸಿ, ಮ್ಯಾಟಿನ ನೇರ ಮೇಲಿರುವ ಗಾಜಿನ ಮೇಲೆ ಡಿಜಿಟಲ್ ಥರ್ಮಾಮೀಟರಿನ ಪ್ರೋಬ್ (ತಂತಿಯ ತುದಿಯಲ್ಲಿರುವ, ಬಿಸಿ ಅಳೆಯುವ ಭಾಗ) ಇಟ್ಟು ಒಂದು ಗಂಟೆ ಬಿಟ್ಟು ನೋಡಿ. ನಿಯಂತ್ರಣವಿಲ್ಲದ ಮ್ಯಾಟ್ ಅಲ್ಲಿ 45 ಡಿಗ್ರಿ ದಾಟುವುದು ಅಪರೂಪವೇನಲ್ಲ. ಹಾವು ನೆಲಹಾಸನ್ನು ಕೊರೆದು ಕೆಳಗಿಳಿದು ಬರಿಗಾಜಿನ ಮೇಲೆಯೇ ಮಲಗುತ್ತದೆ. ಸುಡುವಷ್ಟು ಬಿಸಿಯಾದರೂ ಅಲ್ಲಿಂದ ಏಳದೆ ಬಿದ್ದುಕೊಂಡಿರುವುದುಂಟು. ಹೊಟ್ಟೆಯ ಹುರುಪೆ ಕಂದಿ, ಗುಳ್ಳೆಯೆದ್ದು, ಕೊನೆಗೆ ಕೀವಾದ ಮೇಲೆಯೇ ಮನೆಯವರ ಕಣ್ಣಿಗೆ ಬೀಳುತ್ತದೆ. ಥರ್ಮೋಸ್ಟಾಟ್ ಇಲ್ಲದ ಯಾವ ಹೀಟರನ್ನೂ ಹಾವಿನ ಟ್ಯಾಂಕಿಗೆ ಹಾಕಕೂಡದು. ಇದರಲ್ಲಿ ರಾಜಿಯ ಮಾತೇ ಇಲ್ಲ.

ಹೀಟರಿಗೆ ತಕ್ಕ ಥರ್ಮೋಸ್ಟಾಟ್ ಕೊಳ್ಳಿ. ಹೀಟ್ ಮ್ಯಾಟಿಗೆ ಸಾದಾ ಆನ್-ಆಫ್ ಮಾದರಿ ಸಾಕು. ಬೆಳಕು ಕೊಡುವ ಬಲ್ಬಿಗೆ, ಪೂರ್ತಿ ಆರಿಸದೆ ಮಂದ ಮಾಡುವ ಡಿಮ್ಮಿಂಗ್ ಮಾದರಿಯೇ ಬೇಕು. ಆನ್-ಆಫ್ ಹಾಕಿದರೆ ಬಲ್ಬು ದಿನವಿಡೀ ಹತ್ತಿ ಆರಿ ಬೇಗ ಸುಟ್ಟುಹೋಗುತ್ತದೆ, ಹಾವಿಗೂ ಕಿರಿಕಿರಿ. ಬೆಳಕಿಲ್ಲದ ಸೆರಾಮಿಕ್ ಹೀಟರಿಗೆ, ವಿದ್ಯುತ್ತನ್ನು ಬಿಟ್ಟು ಬಿಟ್ಟು ಕೊಡುವ ಪಲ್ಸ್ ಮಾದರಿ ಒಳ್ಳೆಯದು. ಸೆರಾಮಿಕ್ ಹೀಟರನ್ನು ಪಿಂಗಾಣಿ ಹೋಲ್ಡರಿಗೆ ಮಾತ್ರ ಹಾಕಬೇಕು, ಪ್ಲಾಸ್ಟಿಕ್ ಹೋಲ್ಡರ್ ಕರಗಿ ಬೆಂಕಿ ಹತ್ತುವ ಅಪಾಯವಿದೆ. ಬಲ್ಬಾಗಲಿ ಸೆರಾಮಿಕ್ಕಾಗಲಿ ಟ್ಯಾಂಕಿನ ಒಳಗಿದ್ದರೆ ಸುತ್ತ ತಂತಿಯ ಪಂಜರ ಇರಲೇಬೇಕು. ಬಿಸಿಗಾಗಿ ಹಾವು ಅದಕ್ಕೆ ಸುತ್ತಿಕೊಳ್ಳುತ್ತದೆ.

ಇನ್ನು ಪ್ರೋಬ್. ಎಲ್ಲ ಸಾಮಾನು ಸರಿಯಾಗಿ ಕೊಂಡವರೂ ಎಡವುವುದು ಇಲ್ಲೇ. ಮ್ಯಾಟ್ ಕೆಳಗಿದ್ದರೆ ಥರ್ಮೋಸ್ಟಾಟಿನ ಪ್ರೋಬ್, ಮ್ಯಾಟಿನ ನಡುಭಾಗಕ್ಕೆ ಸರಿಯಾಗಿ, ಗಾಜಿಗೆ ತಾಗಿಕೊಂಡು, ನೆಲಹಾಸಿನ ಕೆಳಗಿರಬೇಕು. ಮೇಲೆ ಸುಮ್ಮನೆ ಇಟ್ಟರೆ ಹಾವು ಒಂದೇ ರಾತ್ರಿಯಲ್ಲಿ ತಳ್ಳಿ ತಂಪು ತುದಿಗೆ ಹಾಕುತ್ತದೆ. ಆಗ ಥರ್ಮೋಸ್ಟಾಟಿಗೆ ತಂಪು ತುದಿಯ 24 ಡಿಗ್ರಿ ಕಾಣುತ್ತದೆ, ಇನ್ನೂ ಕಾದಿಲ್ಲ ಅಂದುಕೊಂಡು ಮ್ಯಾಟನ್ನು ಆರಿಸುವುದೇ ಇಲ್ಲ. ಬಟ್ಟಲಿನ ನೀರು ಚೆಲ್ಲಿ ಪ್ರೋಬ್ ಒದ್ದೆಯಾದರೂ ಇದೇ ಕಥೆ. ಹಾಗಾಗಿ ಪ್ರೋಬನ್ನು ತಂತಿಯ ಕ್ಲಿಪ್ಪು ಅಥವಾ ಬಿಸಿ ಅಂಟಿನಿಂದ ಭದ್ರ ಮಾಡಿ. ಅಂಟುಪಟ್ಟಿ ಅಂದರೆ ಟೇಪು ಟ್ಯಾಂಕಿನೊಳಗೆ ಯಾವ ಕಾರಣಕ್ಕೂ ಬೇಡ. ಬಿಸಿಗೆ ಅದರ ತುದಿ ಏಳುತ್ತದೆ, ಹಾವು ಅದಕ್ಕೆ ಮೆತ್ತಿಕೊಳ್ಳುತ್ತದೆ, ಬಿಡಿಸಹೋದರೆ ಹುರುಪೆ ಸಮೇತ ಚರ್ಮ ಕಿತ್ತುಬರುತ್ತದೆ.

ಮ್ಯಾಟ್, ನೆಲದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹರಡಬಾರದು. ಹರಡಿದರೆ ತಂಪು ತುದಿಯೇ ಉಳಿಯದು. ಅದರ ಮೇಲೆ ನೆಲಹಾಸು 1ರಿಂದ 2 ಸೆಂ.ಮೀ. ದಾಟದಿರಲಿ. ದಪ್ಪ ಹಾಸಿದರೆ ಬಿಸಿ ಮೇಲೆ ಬರದೆ ಕೆಳಗೇ ಶೇಖರವಾಗುತ್ತದೆ, ಗಾಜು ಬಿರಿಯುವುದೂ ಉಂಟು. ಥರ್ಮೋಸ್ಟಾಟ್ ತೋರಿಸುವ ಅಂಕಿಯನ್ನೇ ನಂಬಿ ಕೂರದೆ ಬೇರೊಂದು ಡಿಜಿಟಲ್ ಥರ್ಮಾಮೀಟರಿನಿಂದ ಆಗಾಗ ತಾಳೆ ನೋಡಿ. ಮುಳ್ಳು ತಿರುಗುವ ಅಂಟಿಸುವ ಡಯಲ್‌ಗಳು ಹಲವು ಡಿಗ್ರಿ ತಪ್ಪು ತೋರಿಸುತ್ತವೆ, ಅವನ್ನು ಕಿತ್ತುಹಾಕಿ. ಬಿಸಿಗಲ್ಲು ಎಂದು ಮಾರುವ ವಿದ್ಯುತ್ ಕಲ್ಲುಗಳೂ ಬೇಡ.

ಪ್ರಶ್ನೆ: ಮರಿ ಹಾವು ದೊಡ್ಡ ಟ್ಯಾಂಕಿನಲ್ಲಿ ಹೆದರಿ ಊಟ ಬಿಡುತ್ತದೆ ಎನ್ನುತ್ತಾರೆ. ಎಷ್ಟು ದೊಡ್ಡದು ಕೊಳ್ಳಬೇಕು? ಗಾಜೋ ಮರವೋ?

ಉತ್ತರ: ಮರಿಯನ್ನು ಹೆದರಿಸುವುದು ದೊಡ್ಡ ಜಾಗವಲ್ಲ, ಬಯಲು. ನಾಲ್ಕೂ ಕಡೆ ಖಾಲಿ ಇದ್ದು ನಡುವೆ ಒಂದೇ ಒಂದು ಚಿಪ್ಪು ಇಟ್ಟಿದ್ದರೆ ಹಾವು ಅದರಿಂದ ಹೊರಗೇ ಬರದು. ಅದೇ ಜಾಗದಲ್ಲಿ ತೊಗಟೆ, ಕೊಂಬೆ, ಪ್ಲಾಸ್ಟಿಕ್ ಎಲೆಗಳ ಗೊಂಚಲು ದಟ್ಟವಾಗಿ ತುಂಬಿದ್ದರೆ ಮರೆಯಿಂದ ಮರೆಗೆ ಧೈರ್ಯವಾಗಿ ಓಡಾಡುತ್ತದೆ. ಆದರೂ ಮೊದಲ ಕೆಲವು ತಿಂಗಳು 60 ಸೆಂ.ಮೀ. ಉದ್ದದ ಸಣ್ಣ ಟ್ಯಾಂಕ್ ಇದ್ದರೆ ತಿಂದದ್ದು, ಹಿಕ್ಕೆ ಹಾಕಿದ್ದು ಕಣ್ಣಿಗೆ ಬೀಳುವುದು ಸುಲಭ. ಬೆಳೆದ ಕಾರ್ನ್ ಸ್ನೇಕ್‌ಗೂ ಬಾಲ್ ಪೈಥಾನ್‌ಗೂ ಕನಿಷ್ಠ 120 ಸೆಂ.ಮೀ. ಉದ್ದ, 60 ಅಗಲ, 60 ಎತ್ತರ ಬೇಕು. ಹಾವು ಮೈಯನ್ನು ಪೂರ್ತಿ ನೀಡಿಕೊಳ್ಳುವಷ್ಟು ಉದ್ದ ಇರಲೇಬೇಕು ಎಂಬುದು ನಮ್ಮ ಅಳತೆಗೋಲು. ಸುರುಳಿ ಸುತ್ತಿ ಮಲಗುವ ಪ್ರಾಣಿಗೆ ಜಾಗ ಏಕೆ ಎನ್ನುವವರು ರಾತ್ರಿ ಹೊತ್ತು ಅದನ್ನು ನೋಡಿಲ್ಲ.

ಗಾಜಿನ ಟ್ಯಾಂಕಿಗೆ ಜಾಲರಿ ಮುಚ್ಚಳವಿದ್ದರೆ ತೇವಾಂಶವೂ ಬಿಸಿಯೂ ಮೇಲಿನಿಂದ ಹಾರಿಹೋಗುತ್ತವೆ. ದೀಪದ ಜಾಗ ಬಿಟ್ಟು ಜಾಲರಿಯ ಮುಕ್ಕಾಲು ಭಾಗವನ್ನು ಅಕ್ರಿಲಿಕ್ ಹಾಳೆಯಿಂದ ಮುಚ್ಚಿ. ಮರದ ಪೆಟ್ಟಿಗೆ ಬಿಸಿ ಹಿಡಿದಿಡುತ್ತದೆ. ಆದರೆ ಒಳಗಿನ ಸಂದುಗಳಿಗೆಲ್ಲ ಅಕ್ವೇರಿಯಂ ಸಿಲಿಕೋನ್ ಹಚ್ಚಿ, ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಬಾಗಿಲು ತೆರೆದಿಡಬೇಕು, ಇಲ್ಲದಿದ್ದರೆ ತೇವಕ್ಕೆ ಹಲಗೆ ಉಬ್ಬುತ್ತದೆ. ಬಾಲ್ ಪೈಥಾನ್‌ಗೆ ಮುಂಬಾಗಿಲಿನ ಪಿವಿಸಿ ಪೆಟ್ಟಿಗೆ ಎಲ್ಲಕ್ಕಿಂತ ಅನುಕೂಲ.

ಜಾರುವ ಗಾಜಿನ ಬಾಗಿಲಿದ್ದರೆ ಎರಡು ಗಾಜು ಒಂದರ ಮೇಲೊಂದು ಬರುವ ಕಡೆಯ ಸಂದಿಯನ್ನು ಕಣ್ಣಿಟ್ಟು ನೋಡಿ. ಮರಿ ಕಾರ್ನ್ ಸ್ನೇಕ್ ಪೆನ್ಸಿಲಿಗಿಂತ ತೆಳು. ತಲೆ ನುಗ್ಗಿದ ಕಡೆ ಇಡೀ ಮೈ ನುಗ್ಗಿತೆಂದೇ ಲೆಕ್ಕ, ನಾಲ್ಕೈದು ಮಿ.ಮೀ. ಸಂದಿ ಸಾಕು. ಅಲ್ಲಿಗೆ ಸಂದಿ ಮುಚ್ಚುವ ಬ್ರಷ್ ಪಟ್ಟಿ ಹಾಕಿ, ಬಾಗಿಲಿಗೆ ಬೀಗ ಹಾಕಿ. ವಯರು ಒಳಹೋಗುವ ರಂಧ್ರವನ್ನು ಮರೆಯುವವರೇ ಹೆಚ್ಚು, ಅದನ್ನೂ ಮುಚ್ಚಿ.

ಪ್ರಶ್ನೆ: ಒಳಗೆ ಏನೇನು ಹಾಕಬೇಕು? ಮರಳು ಹಾಕಬಹುದೇ?

ಉತ್ತರ: ಮರಳು ಬೇಡ. ಕಾರ್ನ್ ಸ್ನೇಕ್‌ಗೆ ಆಸ್ಪೆನ್ ಮರದ ಸಿಪ್ಪೆ ಒಳ್ಳೆಯದು. ಬಿಲ ಕೊರೆದರೆ ಕುಸಿಯದೆ ನಿಲ್ಲುತ್ತದೆ, ಆದರೆ ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ. ಬಿಸಿ ಮೇಲಿನಿಂದ ಬರುವಂತಿದ್ದರೆ 5ರಿಂದ 8 ಸೆಂ.ಮೀ. ದಪ್ಪ ಹಾಕಬಹುದು. ಬಾಲ್ ಪೈಥಾನ್‌ಗೆ ತೆಂಗಿನ ಸಿಪ್ಪೆಯ ತುಣುಕು ಸರಿ, ತೇವ ಹಿಡಿದಿಡುತ್ತದೆ. ದೇವದಾರು, ಪೈನ್ ಮರದ ಹೊಟ್ಟು ಎಷ್ಟೇ ಪರಿಮಳವಿದ್ದರೂ ಬೇಡ, ಆ ಪರಿಮಳದ ಎಣ್ಣೆಯೇ ಹಾವಿನ ಶ್ವಾಸಕ್ಕೂ ಚರ್ಮಕ್ಕೂ ಕೆಡುಕು. ಹೊಸದಾಗಿ ಬಂದ ಹಾವಿಗೆ ಮೊದಲ ಕೆಲವು ವಾರ ಬರೀ ಪೇಪರ್ ಟವೆಲ್ ಹಾಕುವುದು ಜಾಣತನ. ನುಸಿಯಿದ್ದರೆ, ಭೇದಿಯಾಗಿದ್ದರೆ ಬಿಳಿಯ ಮೇಲೆ ಎದ್ದು ಕಾಣುತ್ತದೆ.

ಅಡಗುತಾಣ ಕನಿಷ್ಠ ಎರಡು, ಬಿಸಿ ತುದಿಗೊಂದು ತಂಪು ತುದಿಗೊಂದು. ಎರಡೂ ಒಂದೇ ತರಹ ಇರಲಿ. ಒಂದೇ ಇಟ್ಟರೆ ಹಾವು ಬಿಸಿಯನ್ನೋ ತಂಪನ್ನೋ ಬಿಟ್ಟುಕೊಟ್ಟಾದರೂ ಮರೆಯಲ್ಲೇ ಕೂರುತ್ತದೆ. ಒಳಗೆ ಸುತ್ತಿ ಮಲಗಿದಾಗ ಮೈ ಎಲ್ಲ ಬದಿಗೂ ತಾಗುವಷ್ಟು ಇಕ್ಕಟ್ಟಾಗಿರಬೇಕು, ವಿಶಾಲವಾಗಿದ್ದರೆ ಅದಕ್ಕೆ ಭದ್ರ ಅನ್ನಿಸದು. ಮೂರನೆಯದಾಗಿ, ಮುಚ್ಚಳಕ್ಕೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಫ್ಯಾಗ್ನಮ್ ಪಾಚಿ ತುಂಬಿಡಿ. ತೂತಿನ ಅಂಚನ್ನು ಉಜ್ಜಿ ನುಣುಪು ಮಾಡುವುದನ್ನು ಮರೆಯಬೇಡಿ. ಪೊರೆ ಬಿಡುವ ಹೊತ್ತಿಗೆ ಹಾವು ಈ ಡಬ್ಬಿ ಸೇರುತ್ತದೆ. ಕಣ್ಣು ನೀಲಿಯಾಗಿ ಮಬ್ಬಾದರೆ ಪೊರೆ ಹತ್ತಿರ ಬಂತೆಂದು ಅರ್ಥ. ಕೆಲವು ದಿನ ಬಿಟ್ಟು ಕಣ್ಣು ತಿಳಿಯಾಗುತ್ತದೆ, ಆಮೇಲೆ ಪೊರೆ ಕಳಚುತ್ತದೆ. ಅಲ್ಲಿಯವರೆಗೆ ಮುಟ್ಟಬೇಡಿ. ಪೊರೆ ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿ, ಎರಡೂ ಕಣ್ಣಿನ ಮುಚ್ಚಳ ಸಮೇತ ಬಂದಿದೆಯೇ ಎಂದು ಬಿಡಿಸಿ ನೋಡಿ. ಕಣ್ಣಿನ ಪೊರೆ ಉಳಿದಿದ್ದರೆ ಉಗುರಿನಿಂದ ಕೀಳಹೋಗಬೇಡಿ, ಕಣ್ಣೇ ಹೋದೀತು. ತೇವಾಂಶ ಹೆಚ್ಚಿಸಿ ಮುಂದಿನ ಪೊರೆಯವರೆಗೆ ಕಾಯಿರಿ, ಆಗಲೂ ಬಿಡದಿದ್ದರೆ ವೈದ್ಯರ ಬಳಿ ಹೋಗಿ.

ನೀರಿನ ಬಟ್ಟಲು ಮಗುಚದಷ್ಟು ಭಾರದ್ದು, ತಂಪು ತುದಿಯಲ್ಲಿ. ನೀರು ದಿನವೂ ಬದಲಾಗಲಿ.

ಪ್ರಶ್ನೆ: ಫ್ರೀಜರ್‌ನಲ್ಲಿ ಇಲಿ ಇಡಲು ಮನೆಯವರು ಒಪ್ಪುತ್ತಿಲ್ಲ. ಬದುಕಿರುವ ಇಲಿ ತಂದು ಬಿಟ್ಟರೆ ಆಗದೇ? ಮೊಟ್ಟೆ, ಕೋಳಿ ತುಂಡು ಕೊಡಬಹುದೇ?

ಉತ್ತರ: ಹಾವು ತರುವ ಮುನ್ನವೇ ಈ ಪ್ರಶ್ನೆ ಎದ್ದದ್ದು ಒಳ್ಳೆಯದಾಯಿತು. ಕಾರ್ನ್ ಸ್ನೇಕ್, ಬಾಲ್ ಪೈಥಾನ್, ಕಿಂಗ್ ಸ್ನೇಕ್ ಮೂರಕ್ಕೂ ಇಡೀ ಇಲಿಯೇ ಊಟ. ಮೂಳೆ, ಯಕೃತ್ತು, ಕರುಳು ಸಮೇತ ನುಂಗಿದಾಗಲೇ ಅದಕ್ಕೆ ಸುಣ್ಣ, ಜೀವಸತ್ವ ಎಲ್ಲ ಸಿಗುವುದು. ಬರೀ ಮಾಂಸದ ತುಂಡಿನಿಂದ ಅದು ಸಿಗದು. ಬದುಕಿರುವ ಇಲಿ ಹಾವನ್ನೇ ಕಚ್ಚುತ್ತದೆ, ಹಸಿವಿಲ್ಲದ ಹಾವಿನೊಂದಿಗೆ ರಾತ್ರಿಯಿಡೀ ಬಿಟ್ಟರೆ ಬೆನ್ನಿನ ಮಾಂಸವನ್ನೇ ಕೊರೆದುಬಿಡುತ್ತದೆ. ಇಲಿಗೂ ಅದು ಕ್ರೂರ ಸಾವು. ಮಾನವೀಯವಾಗಿ ಕೊಂದು ಹೆಪ್ಪುಗಟ್ಟಿಸಿದ ಇಲಿಯೇ ದಾರಿ. ಮನೆಯ ಫ್ರೀಜರ್ ಬೇಡವೆಂದರೆ ಒಂದು ಸಣ್ಣ ಬೇರೆ ಫ್ರೀಜರ್ ಕೊಳ್ಳಿ. ಆರೋಗ್ಯದ ದೃಷ್ಟಿಯಿಂದಲೂ ಅದೇ ಮೇಲು. ಅದಕ್ಕೂ ಮನೆಯಲ್ಲಿ ಒಪ್ಪಿಗೆ ಇಲ್ಲದಿದ್ದರೆ ಹಾವು ನಿಮಗೆ ಹೊಂದುವ ಪ್ರಾಣಿಯಲ್ಲ.

ಗಾತ್ರಕ್ಕೆ ಗುರುತು: ಇಲಿಯ ದಪ್ಪ, ಹಾವಿನ ಮೈಯ ಅತಿ ದಪ್ಪ ಭಾಗದಷ್ಟು, ಹೆಚ್ಚೆಂದರೆ ಒಂದೂಕಾಲು ಪಟ್ಟು. ಮರಿಗಳಿಗೆ ತೂಕದ ಲೆಕ್ಕ ಇನ್ನೂ ನಿಖರ, ಮೈತೂಕದ ಶೇಕಡಾ 10ರಿಂದ 15. ಅಂದರೆ 10 ಗ್ರಾಂ ತೂಗುವ ಕಾರ್ನ್ ಮರಿಗೆ 1ರಿಂದ 1.5 ಗ್ರಾಂನ, ಇನ್ನೂ ಕೂದಲು ಹುಟ್ಟದ ಇಲಿಮರಿ ಒಂದು. ಐದರಿಂದ ಏಳು ದಿನಕ್ಕೊಮ್ಮೆ ಕೊಡಿ. ಬೆಳೆದ ಕಾರ್ನ್ ಸ್ನೇಕ್‌ಗೆ ಹತ್ತರಿಂದ ಹದಿನಾಲ್ಕು ದಿನಕ್ಕೆ ಒಂದು ಬೆಳೆದ ಸಣ್ಣ ಜಾತಿಯ ಇಲಿ (ಮೌಸ್) ಸಾಕು. ಕೊಟ್ಟಷ್ಟೂ ತಿನ್ನುತ್ತದೆಂದು ಕೊಡುತ್ತಾ ಹೋದರೆ ಕೊಬ್ಬಿ ಬೇಗ ಸಾಯುತ್ತದೆ.

ಕರಗಿಸುವ ಕ್ರಮ ಹೀಗೆ. ಹಿಂದಿನ ರಾತ್ರಿ ಇಲಿಯನ್ನು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಡಿ. ಮರುದಿನ ಸಂಜೆ, ಗಾಳಿ ತೆಗೆದು ಕಟ್ಟಿದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸುಮಾರು 40 ಡಿಗ್ರಿಯ ನೀರಿನಲ್ಲಿ 15-20 ನಿಮಿಷ ಮುಳುಗಿಸಿ. ಹೊಟ್ಟೆ ಒತ್ತಿ ನೋಡಿ, ಒಳಗೆ ಗಟ್ಟಿ ಗಂಟು ಉಳಿದಿದ್ದರೆ ಇನ್ನೂ ಕರಗಿಲ್ಲ. ಆಮೇಲೆ ಒರೆಸಿ, 30 ಸೆಂ.ಮೀ. ಉದ್ದದ ಚಿಮುಟದಲ್ಲಿ ಹಿಡಿದು ಹಾವಿನ ಮುಂದೆ ಮೆಲ್ಲಗೆ ಆಡಿಸಿ. ಬಾಲ್ ಪೈಥಾನ್ ತುಟಿಯ ಮೇಲಿನ ಕುಳಿಗಳಿಂದ ಬಿಸಿಯನ್ನು ಕಾಣುತ್ತದೆ, ಹಾಗಾಗಿ ಇಲಿಯ ಮೈ 37-38 ಡಿಗ್ರಿ ಇದ್ದು ತಲೆಯ ಕಡೆ ಬೆಚ್ಚಗಿದ್ದರೆ ಬೇಗ ಹಿಡಿಯುತ್ತದೆ. ಮೈಕ್ರೋವೇವ್ ಬೇಡ, ಒಂದು ಕಡೆ ಬೆಂದು ಇನ್ನೊಂದು ಕಡೆ ತಣ್ಣಗಿರುತ್ತದೆ, ಹೊಟ್ಟೆ ಸಿಡಿಯುವುದೂ ಉಂಟು. ತಿನ್ನದೆ ಉಳಿದದ್ದನ್ನು ಮತ್ತೆ ಫ್ರೀಜರಿಗೆ ಹಾಕಬಾರದು.

ತಿಂದ ಮೇಲೆ 48 ಗಂಟೆ ಎತ್ತಬೇಡಿ. ಎತ್ತಿದರೆ, ಬಿಸಿ ತುದಿ ತಣ್ಣಗಿದ್ದರೆ, ಇಲಿ ದೊಡ್ಡದಾಗಿದ್ದರೆ ಕಕ್ಕುತ್ತದೆ. ಜಠರದ ಆಮ್ಲವೆಲ್ಲ ಹೊರಗೆ ಹೋಗಿರುವುದರಿಂದ ಅದು ಸಣ್ಣ ವಿಷಯವಲ್ಲ. ಹತ್ತರಿಂದ ಹದಿನಾಲ್ಕು ದಿನ ಬರೀ ನೀರು ಕೊಟ್ಟು, ಆಮೇಲೆ ಅರ್ಧ ಗಾತ್ರದ ಇಲಿಯಿಂದ ಶುರುಮಾಡಿ. ಮತ್ತೆ ಕಕ್ಕಿದರೆ ಮನೆಮದ್ದು ನೋಡುತ್ತಾ ಕೂರದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮಾರುವವರು ಹತ್ತಾರು ಮರಿ ತೋರಿಸುತ್ತಾರೆ. ಆರೋಗ್ಯದ್ದು ಯಾವುದೆಂದು ತಿಳಿಯುವುದು ಹೇಗೆ?

ಉತ್ತರ: ಕಣ್ಣಿಗಿಂತ ಮೊದಲು ಬಾಯಿಗೆ ಕೆಲಸ ಕೊಡಿ. ಸಾಕಣೆಯಲ್ಲೇ ಮೊಟ್ಟೆಯೊಡೆದದ್ದೋ, ಕಾಡಿನಿಂದ ಹಿಡಿದದ್ದೋ? ಹುಟ್ಟಿದ ದಿನ ಯಾವುದು? ಎಷ್ಟು ಸಲ ತಾನಾಗಿ ತಿಂದಿದೆ, ಏನು ತಿಂದಿದೆ, ಕಡೆಯ ಊಟ ಯಾವಾಗ, ಕಡೆಯ ಪೊರೆ ಯಾವಾಗ? ಒಳ್ಳೆಯ ಬ್ರೀಡರ್ ಇವನ್ನೆಲ್ಲ ಬರೆದಿಟ್ಟಿರುತ್ತಾರೆ. ಹೆಪ್ಪುಗಟ್ಟಿಸಿದ ಇಲಿಯನ್ನು ಕನಿಷ್ಠ ಐದು ಸಲ ತಾನಾಗಿ ತಿಂದಿರದ ಮರಿಯನ್ನು ಮೊದಲ ಸಲ ಸಾಕುವವರು ತರಬಾರದು. ಕಾಡಿನಿಂದ ಹಿಡಿದ ಹಾವು ಒಳಗೂ ಹೊರಗೂ ಪರಾವಲಂಬಿಗಳನ್ನು ಹೊತ್ತು ಬರುತ್ತದೆ, ಹೆದರಿ ಊಟ ಬಿಡುತ್ತದೆ. ಬಿಟ್ಟುಬಂದ ಕಾಡಿಗಂತೂ ನಷ್ಟವೇ.

ಇನ್ನು ಕೈಗೆ ತೆಗೆದುಕೊಳ್ಳಿ. ಆರೋಗ್ಯದ ಹಾವು ಕೈಯನ್ನು ಬಿಗಿಯಾಗಿ ಹಿಡಿದು ಹರಿಯುತ್ತದೆ, ಬಟ್ಟೆಯಂತೆ ಜೋತುಬೀಳುವುದಿಲ್ಲ. ಬೆನ್ನುಮೂಳೆ ಏಣಾಗಿ ಎದ್ದಿರಬಾರದು. ಮೂಗಿನಲ್ಲಿ, ಬಾಯಂಚಿನಲ್ಲಿ ಗುಳ್ಳೆ, ಲೋಳೆ ಇರಬಾರದು. ನಿಮ್ಮ ಕಿವಿಯ ಹತ್ತಿರ ಹಿಡಿದರೆ ಸಿಳ್ಳೆಯಂತೆ, ಚಟಪಟ ಎಂದಂತೆ ಉಸಿರು ಕೇಳಬಾರದು. ಮಲದ್ವಾರ ಒಣಗಿ ಚೊಕ್ಕಟವಾಗಿರಬೇಕು. ಕಣ್ಣಿನ ಸುತ್ತ, ಗಲ್ಲದ ಕೆಳಗಿನ ಗೀರಿನಲ್ಲಿ ಕರಿಯ ಚುಕ್ಕಿಗಳು ಸರಿದಾಡಿದರೆ ಅವು ನುಸಿಗಳು. ಒದ್ದೆಯಾದ ಬಿಳಿ ಕಾಗದದಿಂದ ಮೈ ಸವರಿ ನೋಡಿದರೂ ಗೊತ್ತಾಗುತ್ತದೆ. ನುಸಿ ಒಂದು ಹಾವಿನ ಮೇಲೆ ಕಂಡರೂ ಆ ಅಂಗಡಿಯ ಯಾವ ಹಾವೂ ಬೇಡ.

ಬಾಲ್ ಪೈಥಾನ್‌ನಲ್ಲಿ ಬಣ್ಣದ ತಳಿಗಳು ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಸ್ಪೈಡರ್ ಎಂಬ ತಳಿಗೆ ಹುಟ್ಟಿನಿಂದಲೇ ತಲೆ ಓಲಾಡುವ ನರದೋಷವಿದೆ. ಕೆಲವಕ್ಕೆ ಇಲಿಯನ್ನು ಗುರಿಯಿಟ್ಟು ಹಿಡಿಯಲೂ ಆಗದು. ಚಂದಕ್ಕಾಗಿ ಆ ನರಳಿಕೆಯನ್ನು ಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇವೆ. ಬೇಡಿಕೆ ನಿಂತರೆ ಅವನ್ನು ಹುಟ್ಟಿಸುವುದೂ ನಿಲ್ಲುತ್ತದೆ.

ಪ್ರಶ್ನೆ: ಬಾಲ್ ಪೈಥಾನ್ ತಂದು ಮೂರು ವಾರವಾಯಿತು, ಏನೂ ತಿಂದಿಲ್ಲ. ದಿನವೂ ಹೊರಗೆ ತೆಗೆದು ಅಭ್ಯಾಸ ಮಾಡಿಸುತ್ತಿದ್ದೇವೆ, ಎರಡು ದಿನಕ್ಕೊಮ್ಮೆ ಇಲಿ ತೋರಿಸುತ್ತಿದ್ದೇವೆ. ಬಾಯಿ ತೆರೆದು ತಿನ್ನಿಸಬೇಕೇ?

ಉತ್ತರ: ಖಂಡಿತ ಬೇಡ. ಒತ್ತಾಯದ ಊಟ ವೈದ್ಯರ ಕೆಲಸ, ಅದೂ ಕಡೆಯ ಉಪಾಯ. ನೀವು ಮಾಡುತ್ತಿರುವ ಎರಡನ್ನೂ ನಿಲ್ಲಿಸಿದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಹೊಸ ಹಾವನ್ನು ಐದರಿಂದ ಏಳು ದಿನ ನೀರು ಬದಲಿಸುವುದಕ್ಕೆ ಬಿಟ್ಟರೆ ಮುಟ್ಟಲೇಬಾರದು; ಆಮೇಲೆ ಒಮ್ಮೆ ಊಟ ತೋರಿಸಿ, ತಿನ್ನದಿದ್ದರೆ ಇಡೀ ಒಂದು ವಾರ ಸುಮ್ಮನಿರಬೇಕು. ಸತತ ಮೂರು ಸಲ ತಿಂದ ನಂತರವೇ ಕೈಗೆ ತೆಗೆಯುವ ಮಾತು, ಅದೂ ಮೊದಮೊದಲು ಐದು ನಿಮಿಷ.

ಈಗ ತಾಪಮಾನ ಮತ್ತು ತೇವಾಂಶವನ್ನು ಮೇಲೆ ಹೇಳಿದಂತೆ ಅಳೆಯಿರಿ, ಅಡಗುತಾಣ ಇಕ್ಕಟ್ಟಾಗಿದೆಯೇ ನೋಡಿ, ಟ್ಯಾಂಕಿನ ಮೂರು ಬದಿಗೆ ಹೊರಗಿನಿಂದ ಕಾಗದ ಹಚ್ಚಿ. ಮಾರಿದವರು ಯಾವ ಇಲಿ ಕೊಡುತ್ತಿದ್ದರೆಂದು ಕೇಳಿ. ಸಣ್ಣ ಜಾತಿಯ ಇಲಿ (ಮೌಸ್) ತಿಂದು ಬೆಳೆದದ್ದಕ್ಕೆ ದೊಡ್ಡ ಜಾತಿಯ (ರ‍್ಯಾಟ್) ಇಲಿಮರಿ ಊಟವೆಂದೇ ಅನ್ನಿಸದಿರಬಹುದು. ದೀಪ ಆರಿಸಿ ಒಂದು ಗಂಟೆಯಾದ ಮೇಲೆ, ಅಡಗುತಾಣದ ಬಾಯಿಯಲ್ಲೇ ಊಟ ತೋರಿಸಿ. ಅಡುಗೆಮನೆಯ ಗ್ರಾಂ ತಕ್ಕಡಿಯಂಥದ್ದೊಂದನ್ನು ಹಾವಿಗೆಂದೇ ಬೇರೆ ಇಟ್ಟುಕೊಂಡು ಎರಡು ವಾರಕ್ಕೊಮ್ಮೆ ತೂಗಿ ಬರೆಯಿರಿ. ಬೆಳೆದ ಹಾವಿನ ತೂಕ ನಿಂತಲ್ಲೇ ನಿಂತಿದ್ದರೆ ಉಪವಾಸಕ್ಕೆ ಹೆದರಬೇಕಿಲ್ಲ. ಶೇಕಡಾ 10ಕ್ಕಿಂತ ಹೆಚ್ಚು ಇಳಿದರೆ, ಬಾಯಿ ತೆರೆದು ಉಸಿರಾಡಿದರೆ ವೈದ್ಯರನ್ನು ಕಾಣಿ. ಮರಿಯಾದರೆ ಅಷ್ಟು ಇಳಿಯುವವರೆಗೂ ಕಾಯಬೇಡಿ.

ವೈದ್ಯರೆಂದಾಗ ಒಂದು ಮಾತು, ಇದು ಎಲ್ಲ ಓದುಗರಿಗೂ. ನಾಯಿ ಬೆಕ್ಕು ನೋಡುವ ಎಲ್ಲ ಪಶುವೈದ್ಯರೂ ಸರೀಸೃಪ ನೋಡುವುದಿಲ್ಲ. ನೋಡುವವರು ಎಲ್ಲಿದ್ದಾರೆಂದು ಹಾವು ತರುವ ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತಾಗಬಾರದು. ಮೊದಲ ಹಿಕ್ಕೆಯನ್ನು ಶುಚಿಯಾದ ಡಬ್ಬಿಯಲ್ಲಿ ಅವರಿಗೆ ಕೊಟ್ಟು ಹುಳುವಿನ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಪ್ರಶ್ನೆ: ಮನೆಯಲ್ಲಿ ಎರಡು ವರ್ಷದ ಮಗುವಿದೆ. ಹಾವಿನಿಂದ ರೋಗ ಬರುತ್ತದೆಯೇ?

ಉತ್ತರ: ಬರಬಹುದು. ಆರೋಗ್ಯವಾಗಿ ಕಾಣುವ ಹಾವಿನ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತದೆ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಹಾವನ್ನೂ ಅದರ ಸಾಮಾನನ್ನೂ ಮುಟ್ಟಬಾರದು. ನಿಮ್ಮ ಮನೆಯಲ್ಲಿ ಇನ್ನೊಂದು ಮೂರು ವರ್ಷ ಕಾಯುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಉಳಿದವರು ಪ್ರತಿ ಸಲ ಮುಟ್ಟಿದ ಮೇಲೂ ಸಾಬೂನಿನಿಂದ ಕೈ ತೊಳೆಯಬೇಕು. ಬಟ್ಟಲು, ಅಡಗುತಾಣ ಅಡುಗೆಮನೆಯ ಸಿಂಕಿಗೆ ಬರಬಾರದು.

ಪ್ರಶ್ನೆ: ಜೊತೆಗಿರಲೆಂದು ಎರಡು ಮರಿ ಒಂದೇ ಟ್ಯಾಂಕಿನಲ್ಲಿ ಇಡಬಹುದೇ?

ಉತ್ತರ: ಬೇಡ. ಹಾವಿಗೆ ಜೊತೆ ಬೇಕಿಲ್ಲ. ಒಂದರ ಮೇಲೊಂದು ಮಲಗಿದ್ದು ಪ್ರೀತಿಯಲ್ಲ, ಒಳ್ಳೆಯ ಜಾಗಕ್ಕೆ ಪೈಪೋಟಿ. ಕಿಂಗ್ ಸ್ನೇಕ್ ಅಂತೂ ಜೊತೆಗಾರನನ್ನೇ ನುಂಗುತ್ತದೆ. ಮುಂದೆ ಎರಡನೆಯದು ತಂದರೂ 90 ದಿನ ಬೇರೆ ಕೋಣೆಯಲ್ಲಿ, ಬೇರೆ ಚಿಮುಟ, ಬೇರೆ ಬಟ್ಟಲು ಬಳಸಿ ಪ್ರತ್ಯೇಕವಾಗಿಡಿ.

ಪ್ರಶ್ನೆ: ಎಷ್ಟು ಎಚ್ಚರವಿದ್ದರೂ ತಪ್ಪಿಸಿಕೊಂಡರೆ ಏನು ಮಾಡಬೇಕು?

ಉತ್ತರ: ಮೊದಲು ಆ ಕೋಣೆಯ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಬಟ್ಟೆ ತುರುಕಿ. ನಾಯಿ ಬೆಕ್ಕುಗಳನ್ನು ಬೇರೆಡೆ ಕಟ್ಟಿ. ಹಾವು ಸಾಮಾನ್ಯವಾಗಿ ಗೋಡೆಯಂಚು ಹಿಡಿದು ಹೋಗಿ ಹತ್ತಿರದ ಬೆಚ್ಚಗಿನ ಇಕ್ಕಟ್ಟಿಗೆ ಸೇರುತ್ತದೆ. ಟ್ಯಾಂಕಿನ ಕೆಳಗೆ, ಪುಸ್ತಕಗಳ ಹಿಂದೆ, ಸೋಫಾದ ಹೊಟ್ಟೆಯೊಳಗೆ, ಫ್ರಿಜ್ಜಿನ ಮೋಟಾರಿನ ಬಳಿ ಟಾರ್ಚ್ ಹಾಕಿ ನೋಡಿ. ಸಿಗುವವರೆಗೆ ಸೋಫಾ, ಮಂಚ ಎಳೆದಾಡಬೇಡಿ, ಸಿಕ್ಕಿ ನಜ್ಜುಗುಜ್ಜಾದೀತು. ರಾತ್ರಿ ಗೋಡೆಗುಂಟ ಹಿಟ್ಟಿನ ತೆಳುವಾದ ಗೆರೆ ಎಳೆದಿಟ್ಟರೆ ಬೆಳಿಗ್ಗೆ ಹರಿದ ಗುರುತು ಕಾಣುತ್ತದೆ. ಅದರ ಅಡಗುತಾಣವನ್ನೇ ತಂದು ಥರ್ಮೋಸ್ಟಾಟ್ ಹಾಕಿದ ಹೀಟ್ ಮ್ಯಾಟಿನ ಮೇಲೆ ನೆಲದಲ್ಲಿಡಿ, ಪಕ್ಕದಲ್ಲಿ ನೀರಿನ ಬಟ್ಟಲಿರಲಿ. ಕಾರ್ನ್ ಸ್ನೇಕ್ ವಾರಗಳ ನಂತರ ಸಿಕ್ಕಿದ್ದುಂಟು, ಆದ್ದರಿಂದ ಎರಡು ದಿನಕ್ಕೇ ಕೈಬಿಡಬೇಡಿ. ಅಕ್ಕಪಕ್ಕದ ಮನೆಯವರಿಗೆ ಹಾವಿನ ಫೋಟೋ ತೋರಿಸಿ, ವಿಷವಿಲ್ಲದ್ದೆಂದು ತಿಳಿಸಿ, ಕಂಡರೆ ಹೊಡೆಯದೆ ಕರೆಯಲು ಹೇಳಿಡಿ. ಆದರೆ ಕಂಡ ಹಾವು ನಿಮ್ಮದೇ ಎಂದು ಖಾತ್ರಿಯಾಗುವವರೆಗೆ ಯಾರೂ ಕೈಯಿಂದ ಮುಟ್ಟಬಾರದು.